ನೆಲಮಾಳಿಗೆಯ ಸರ್ವರ್ ಹೇಳಿದ ಸುಳ್ಳು

ಬೆಳಗಿನ ಜಾವ. ಆಸ್ಪತ್ರೆಯ ನೆಲಮಾಳಿಗೆ. ಬಟ್ಟೆ ಒಗೆಯುವ ಕೋಣೆ ದಾಟಿ, ಮುರಿದ ಗಾಲಿಕುರ್ಚಿಗಳನ್ನು ಒಟ್ಟಿದ ಮೂಲೆ ದಾಟಿ ಹೋದರೆ ಎಡಕ್ಕೊಂದು ಕಬ್ಬಿಣದ ಬಾಗಿಲು. ಒಳಗೆ ಕೊರೆಯುವ ಚಳಿ. ಆ ಚಳಿ ಇರುವುದು ಯಂತ್ರಗಳಿಗಾಗಿ. ಅವುಗಳ ಎದುರು ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿಕೊಂಡು ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದಾರೆ.

“ಬಂದ್ರಾ? ಬಾಗಿಲು ಹಾಕ್ಕೊಳಿ. ತಣ್ಣನೆ ಗಾಳಿ ಹೊರಗೆ ಹೋದ್ರೆ ಇದಕ್ಕೆ ಜ್ವರ ಬರುತ್ತೆ” ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ.

ಪರದೆಯ ಮೇಲೆ ಸಾಲುಗಳು ಓಡುತ್ತಿವೆ. ಇದು ಇದೆಯೇ, ಇದೆ. ಅದು ಇದೆಯೇ, ಇದೆ. ಯಂತ್ರ ತನ್ನ ಹೊಟ್ಟೆಯನ್ನು ತಾನೇ ತಡಕಿ ನೋಡಿಕೊಳ್ಳುತ್ತಿದೆ. ಒಮ್ಮೆಲೇ ಓಟ ನಿಲ್ಲುತ್ತದೆ. ಕೊನೆಯ ಸಾಲಿನಲ್ಲಿ ‘ಇಲ್ಲ’ ಎಂದು ಬಂದಿದೆ.

“ನೋಡಿದ್ರಾ ಇವನ ಕೊಬ್ಬು! ಇಷ್ಟೊತ್ತು ಇದೆ ಇದೆ ಅಂತ ತಲೆ ಆಡಿಸ್ಕೊಂಡು ಬಂದು ಕೊನೇಲಿ ಕೈ ಎತ್ತಿಬಿಟ್ಟ.”

ಕೊರಳಲ್ಲಿ ಗುರುತಿನ ಚೀಟಿಯ ಜೊತೆ ಒಂದು ಪೆನ್‌ಡ್ರೈವ್ ಜೋತಾಡುತ್ತಿದೆ. ಅದನ್ನು ಸಿಕ್ಕಿಸಿ, ಇಲ್ಲದ ಲೈಬ್ರರಿಯನ್ನು, ಅಂದರೆ ಕಟ್ಟಲು ಬೇಕಾದ ಸಿದ್ಧ ಕೋಡಿನ ಕಟ್ಟನ್ನು, ತುಂಬಿಸಿ, ಮತ್ತೆ ಮೊದಲಿನಿಂದ ಓಡಿಸುತ್ತಾರೆ. ಇದೆ. ಇದೆ. ಇದೆ. ಈ ಸಲ ಓಟ ಕೊನೆ ಮುಟ್ಟುತ್ತದೆ.

ಆಸ್ಪತ್ರೆಯವರೆಲ್ಲ ಇವರನ್ನು ಕರೆಯುವುದು ‘ಸರ್ವರ್ ಅಕ್ಕ’ ಎಂದು. ಕ್ಯಾಂಟೀನಿನಲ್ಲಿ ತಟ್ಟೆ ತರುವವನನ್ನೂ ಸರ್ವರ್ ಎಂದೇ ಕರೆಯುವುದರಿಂದ ಹೊಸಬರಿಗೆ ಗೊಂದಲವಾಗುತ್ತದಂತೆ. “ಒಬ್ಬಳು ನರ್ಸ್ ಬಂದ ಹೊಸದ್ರಲ್ಲಿ ಇಲ್ಲಿಗೇ ಫೋನ್ ಮಾಡಿ ಎರಡು ಟೀ ಕಳಿಸಿ ಅಂದಿದ್ಳು. ನಾನೂ ಕಳಿಸ್ದೆ ಅನ್ನಿ.”

ಈ ಆಸ್ಪತ್ರೆಯ ರಕ್ತನಿಧಿಯ ಎಲ್ಲ ದಾಖಲೆಗಳೂ ಈ ಕೋಣೆಯ ಒಂದು ಡೇಟಾಬೇಸ್ ಸರ್ವರಿನಲ್ಲಿವೆ. ಯಾರು ರಕ್ತ ಕೊಟ್ಟರು, ಯಾವ ಗುಂಪು, ಯಾವ ಚೀಲ ಯಾವ ರೋಗಿಗೆ ಹೋಯಿತು, ಯಾರಿಗೆ ಯಾವುದನ್ನು ಕೊಡಲೇಬಾರದು, ಎಲ್ಲವೂ. ಆ ಸರ್ವರನ್ನು ಯಾವ ಕಂಪನಿಯೂ ತಂದು ಕೂರಿಸಿದ್ದಲ್ಲ. ಪ್ರಪಂಚದ ಎಲ್ಲೆಲ್ಲಿಯೋ ಇರುವ ಜನ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುವ ಮೂಲ ಕೋಡ್ ತಂದು, ಈ ಯಂತ್ರಕ್ಕೆ ಒಗ್ಗುವಂತೆ ಇಲ್ಲೇ ಕಟ್ಟಿ ನಿಲ್ಲಿಸಿದವರು ಅಕ್ಕ.

ಸಿದ್ಧವಾಗಿ ಸಿಗುವುದನ್ನೇ ಹಾಕಬಹುದಲ್ಲ ಎಂದು ಕೇಳುತ್ತೇನೆ.

“ನಮಗೆ ಕೊಡೋದು ಬೇರೆ ಆಫೀಸಿನವರು ಬಿಸಾಕಿದ ಯಂತ್ರಗಳು. ಇದರ ವಯಸ್ಸಿಗೆ ಹೊಂದೋ ರೆಡಿಮೇಡ್ ಈಗ ಯಾರೂ ಹೊಲಿಯಲ್ಲ. ಅಳತೆ ತಗೊಂಡು ನಾವೇ ಹೊಲೀಬೇಕು.”

ಪರದೆಯಲ್ಲಿ ಈಗ ಬೇರೆ ಬಗೆಯ ಸಾಲುಗಳು, ಉದ್ದುದ್ದನೆಯವು. ಕೋಡ್ ಯಂತ್ರದ ಭಾಷೆಗೆ ಇಳಿಯುತ್ತಿದೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಅಕ್ಕ ಕುರ್ಚಿಗೆ ಒರಗಿ ಅಂಗೈ ಉಜ್ಜಿಕೊಳ್ಳುತ್ತಾರೆ. ಅವರು ಫ್ಯಾನಿನ ಸದ್ದು ಕೇಳುತ್ತಿದ್ದಾರೆ. ಸದ್ದು ಏರಿದರೆ ಯಂತ್ರ ದುಡಿಯುತ್ತಿದೆ. ಒಮ್ಮೆಲೇ ಇಳಿದರೆ ಏನೋ ಎಡವಟ್ಟಾಗಿದೆ.

ಈ ದಿನ ಇದನ್ನೆಲ್ಲ ಹೊಸದಾಗಿ ಕಟ್ಟುತ್ತಿರುವುದಕ್ಕೆ ಕಾರಣವಿದೆ. ನಿನ್ನೆ ಸಂಜೆ ವಿದ್ಯುತ್ ಹೋಯಿತು. ಜನರೇಟರ್ ಶುರುವಾಗುವ ತನಕ ಸರ್ವರನ್ನು ಹಿಡಿದಿಡಬೇಕಾದ ಬ್ಯಾಟರಿಯೂ ಕೈಕೊಟ್ಟಿತು. ಸರ್ವರ್ ನಿಂತ ನಿಲುವಿನಲ್ಲೇ ಆರಿಹೋಯಿತು. ಮತ್ತೆ ಎದ್ದಿತು, ಕೆಲಸವನ್ನೂ ಮಾಡುತ್ತಿದೆ. ಆದರೆ ನಡುನಡುವೆ ಅಕ್ಕನಿಗೆ ಸರಿಬಾರದ ಏನೇನೋ ದೂರುಗಳನ್ನು ಗೊಣಗುತ್ತಿದೆ. ಹಾಗಾಗಿ ಪಕ್ಕದ ಬದಲಿ ಯಂತ್ರದಲ್ಲಿ ಹೊಸ ಸರ್ವರ್ ಕಟ್ಟಿ, ದಾಖಲೆಗಳನ್ನೆಲ್ಲ ಪರೀಕ್ಷೆ ಮಾಡಿ ಅದಕ್ಕೆ ದಾಟಿಸುವುದು ಅವರ ಲೆಕ್ಕಾಚಾರ.

ಈ ಪುಟಕ್ಕೆ ಅವರ ಬಗ್ಗೆ ಬರೆಯಿರಿ ಎಂದು ಪತ್ರಿಕೆಗೆ ಸೂಚಿಸಿದವರು ರಕ್ತನಿಧಿಯ ಮುಖ್ಯ ವೈದ್ಯರು. “ಹಿಂದೆ ಕಂಪನಿಯವರು ಕೂರಿಸಿದ್ದು ಒಂದು ಸಾಲು ಉಳಿಸೋಕೆ ಆಕಳಿಸ್ತಿತ್ತು. ಇವಳು ಕಟ್ಟಿದ್ದು ಕಣ್ಣು ಮಿಟುಕಿಸೋದ್ರೊಳಗೆ ಉಳಿಸುತ್ತೆ. ಬಂದು ನೋಡಿ” ಎಂದಿದ್ದರು. ನೋಡಲು ಬಂದಿದ್ದೇನೆ.

ಅಕ್ಕನ ತಂದೆ ಇದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದವರು. “ನಮ್ಮಪ್ಪ ಇಡೀ ದಿನ ಜನರನ್ನ ಮೇಲೆ ಕಳಿಸ್ತಿದ್ದ” ಎಂದವರು ನಾಲಿಗೆ ಕಚ್ಚಿಕೊಂಡು, “ಇದನ್ನ ಹೀಗೇ ಬರೀಬೇಡಿ, ಆಸ್ಪತ್ರೆ ಅಂದ್ಮೇಲೆ ತಪ್ಪು ತಿಳ್ಕೋತಾರೆ” ಎಂದು ನಗುತ್ತಾರೆ. ಶಾಲೆ ಮುಗಿಸಿ ಕಂಪ್ಯೂಟರಿನ ಡಿಪ್ಲೊಮಾ ಸೇರಿದರು. ತಂದೆ ಕಾಯಿಲೆ ಬಿದ್ದಾಗ ಅದನ್ನು ಅರ್ಧಕ್ಕೇ ಬಿಟ್ಟು ಇಲ್ಲಿ ಡೇಟಾ ಟೈಪ್ ಮಾಡುವ ಕೆಲಸ ಹಿಡಿದರು. ಕಂಪನಿಯ ಗುತ್ತಿಗೆ ಮುಗಿದು ಅವರ ಸಾಫ್ಟ್‌ವೇರ್ ಬೀಗ ಹಾಕಿಕೊಂಡಾಗ ರಕ್ತನಿಧಿಯ ಕಿಟಕಿಯ ಮುಂದೆ ಜನ ಕಿರುಚಾಡುತ್ತಿದ್ದರಂತೆ. ಮೂಲ ಕೋಡಿನ ಜೊತೆ ಬರುವ ಸೂಚನೆಗಳನ್ನು ಪದಪದ ಓದಿ, ಕೆಟ್ಟ ಯಂತ್ರವೊಂದರಲ್ಲಿ ಕಟ್ಟಿ ಕೆಡವಿ ಕಟ್ಟಿ ಅಕ್ಕ ಕಲಿತದ್ದು ಆಗ. ಎಷ್ಟು ಸಲ ಕೆಡವಿದಿರಿ ಎಂದು ಕೇಳಿದರೆ, “ಲೆಕ್ಕ ಇಟ್ಟಿದ್ರೆ ಅಳು ಬರ್ತಿತ್ತು” ಎನ್ನುತ್ತಾರೆ. ಅದು ನಡೆದು ಎರಡು ವರ್ಷವಾಗಿದೆ. ದಿನಕ್ಕೆ ಅರವತ್ತು ಎಪ್ಪತ್ತು ಚೀಲ ರಕ್ತ ಈಗ ಅವರ ಸರ್ವರಿನ ಮಾತಿನ ಮೇಲೆ ಒಳಗೆ ಬರುತ್ತದೆ, ಹೊರಗೆ ಹೋಗುತ್ತದೆ. ಕಾಗದದಲ್ಲಿ ಅವರ ಹುದ್ದೆ ಇನ್ನೂ ಟೈಪ್ ಮಾಡುವವರದ್ದೇ.

ಗಂಡ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುತ್ತಾರೆ. “ಅವರು ಬೆಂಕಿ ಮುಂದೆ, ನಾನು ಮಂಜುಗಡ್ಡೆ ಮುಂದೆ. ಮನೆಗೆ ಹೋದ್ಮೇಲೆ ಇಬ್ಬರೂ ಸೇರಿ ಸಮಶೀತೋಷ್ಣ.” ಎಂಟು ವರ್ಷದ ಮಗಳಿದ್ದಾಳೆ, ಅತ್ತೆಯಿದ್ದಾರೆ. ಸೊಸೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅತ್ತೆ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಫ್ರಿಜ್ ಕಾಯುತ್ತಾಳೆ ಎನ್ನುತ್ತಾರಂತೆ.

ಅಷ್ಟರಲ್ಲಿ ಆ ಅತ್ತೆಯದೇ ಫೋನ್. ಜೋರು ದನಿ, ನನಗೂ ಕೇಳಿಸುತ್ತದೆ.

“ಏನೇ, ನಿನ್ನ ಮಗಳು ತಲೆ ಬಾಚಿಸ್ಕೊಳಲ್ಲ ಅಂತ ಮಂಚದ ಕೆಳಗೆ ಸೇರ್ಕೊಂಡವಳೆ. ಅಮ್ಮನೇ ಬೇಕಂತೆ.”

“ಫೋನ್ ಮಂಚದ ಕೆಳಗೆ ಇಡಿ ಅತ್ತೆ.” ಸ್ವಲ್ಪ ಕಾದು, “ಏ ಕಳ್ಳಿ, ಅಜ್ಜಿ ಸೊಂಟ ಬಗ್ಗಲ್ಲ ಅಂತ ಗೊತ್ತಿದ್ದೇ ಅಲ್ಲಿಗೆ ಹೋಗಿದೀಯ ಅಲ್ವಾ? ಒಂದೇ ಜಡೆ ಸಾಕು ಅಂತ ಹೇಳ್ತೀನಿ, ಹೊರಗೆ ಬಾ” ಎನ್ನುತ್ತಾರೆ. ಆ ಕಡೆಯಿಂದ ಏನೋ ಚೌಕಾಸಿ ನಡೆಯುತ್ತದೆ. ಜಡೆ ಒಂದೇ ಎಂದು ತೀರ್ಮಾನವಾಗುತ್ತದೆ.

ಕಟ್ಟುವುದು ಮುಗಿದಿದೆ. ಈಗ ಪರೀಕ್ಷೆ. ಸರ್ವರ್ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಒಂದೊಂದಕ್ಕೂ ‘ಸರಿ’ ಎನ್ನುತ್ತಾ ಹೋಗುತ್ತದೆ. ಅಕ್ಕ ಪ್ರತಿ ಸರಿಗೂ ತಲೆಯಾಡಿಸುತ್ತಾರೆ. ಆಮೇಲೆ ದಾಖಲೆಗಳಿಗೆ ಒಂದು ಜಾಗ ಮಾಡಿಕೊಟ್ಟು, ಸರ್ವರನ್ನು ಎಬ್ಬಿಸಲು ನೋಡುತ್ತಾರೆ. ಏಳುವುದಿಲ್ಲ.

“ಗೊತ್ತಿತ್ತು. ಜಾಗದ ಬಾಗಿಲು ಬೇರೆಯವರಿಗೂ ತೆರೆದಿದೆ. ಇದು ಹಾಗೆಲ್ಲ ಒಳಗೆ ಕಾಲಿಡಲ್ಲ. ಬಾಗಿಲು ಹಾಕು, ಆಮೇಲೆ ಕೆಲಸ ಅನ್ನುತ್ತೆ. ನನಗೆ ಇದು ಇಷ್ಟ ಆಗೋದು ಇದಕ್ಕೇ. ಸುಳ್ಳು ಪೊಳ್ಳು ಇಲ್ಲ. ಆಗಲ್ಲ ಅಂದ್ರೆ ಆಗಲ್ಲ, ಆಯ್ತು ಅಂದ್ರೆ ಆಯ್ತು.”

ಅವರು ಹೀಗೆ ಹೇಳುತ್ತಿರುವಾಗಲೇ ಬಾಗಿಲು ಬಡಿದು ತೆರೆದುಕೊಳ್ಳುತ್ತದೆ. ರಕ್ತನಿಧಿಯ ಟೆಕ್ನಿಷಿಯನ್, ಇಪ್ಪತ್ತೈದರ ಹುಡುಗಿ. ಮೆಟ್ಟಿಲಿಳಿದು ಓಡಿಬಂದ ಏದುಸಿರು. ಕೈಯಲ್ಲಿ ರಕ್ತದ ಚೀಲ.

“ಅಕ್ಕಾ, ಇದನ್ನ ಕೊಟ್ಟೇಬಿಡ್ತಿದ್ರು. ಟೈಲರ್‌ಗೆ. ಇದನ್ನ!”

ಯಾವ ಟೈಲರ್ ಎಂದು ಅಕ್ಕ ಕೇಳುವುದಿಲ್ಲ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುವ, ವಾರ್ಡಿನವರ ಹರಿದ ಕೋಟುಗಳನ್ನು ಹಾಸಿಗೆಯ ಮೇಲೆ ಕೂತೇ ಹೊಲಿದುಕೊಡುವ ಆ ಮನುಷ್ಯ ಇಲ್ಲಿ ಎಲ್ಲರಿಗೂ ಗೊತ್ತು. ಹೀಗೆ ಪದೇ ಪದೇ ಬೇರೆಯವರ ರಕ್ತ ಪಡೆಯುವವರ ದೇಹ ಕೆಲವೊಮ್ಮೆ ತಿರುಗಿಬೀಳುತ್ತದೆ. ಇಂಥ ಗುಣವಿರುವ ರಕ್ತ ಬಂದರೆ ನಾಶ ಮಾಡುತ್ತೇನೆ ಎಂದು ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ. ಆಮೇಲೆ ಆ ರಕ್ತ ಕೊಟ್ಟರೆ ಚಳಿಜ್ವರ ಬರುತ್ತದೆ, ಮೂತ್ರಪಿಂಡ ಕೆಡುತ್ತದೆ, ಜೀವವೂ ಹೋಗಬಹುದು. ಟೈಲರ್‌ನ ರಕ್ತದಲ್ಲಿ ಅಂಥದೊಂದು ಪ್ರತಿಕಾಯವಿರುವುದನ್ನು ನಿನ್ನೆ ಸಂಜೆ ಈ ಹುಡುಗಿ ಕಂಡುಹಿಡಿದಳು. ಕಂಪ್ಯೂಟರಿಗೆ ಹಾಕಿದಳು. ‘ಉಳಿಸಲಾಗಿದೆ’ ಎಂಬ ಹಸಿರು ಪಟ್ಟಿ ಬಂತು. ಅದರ ಬೆನ್ನಿಗೇ ವಿದ್ಯುತ್ ಹೋಯಿತು.

ಈ ಬೆಳಿಗ್ಗೆ ಪರದೆಯಲ್ಲಿ ಅದಿಲ್ಲ. ಹಿಂದಿನ ಬಾರಿಯ ‘ಪ್ರತಿಕಾಯ ಇಲ್ಲ’ ಎಂಬುದೇ ನಿಂತಿದೆ. ಪ್ರತಿಕಾಯ ಇಲ್ಲದ ರೋಗಿಗಳಿಗೆ ಇಲ್ಲಿ ಕಂಪ್ಯೂಟರ್ ಗುಂಪು ಹೊಂದಿಸಿ ಒಪ್ಪಿದರೆ ಚೀಲ ಕೊಡುತ್ತಾರೆ. ಕಂಪ್ಯೂಟರ್ ಒಪ್ಪಿತು. ಬೇರೆಯವರು ಚೀಲ ತೆಗೆದಿಟ್ಟರು. ಕೆಲಸಕ್ಕೆ ಬಂದ ಹುಡುಗಿ ಚೀಲದ ಮೇಲೆ ಟೈಲರ್ ಹೆಸರಿನ ಚೀಟಿ ನೋಡದೆ ಹೋಗಿದ್ದರೆ ಈ ಹೊತ್ತಿಗೆ ಅದು ಟೈಲರ್‌ನ ತೋಳಿಗೆ ಇಳಿಯುತ್ತಿತ್ತು.

 

“ಡಾಕ್ಟ್ರು ನಾನು ಹಾಕೇ ಇಲ್ಲ ಅಂತಿದಾರೆ ಅಕ್ಕ. ಕರೆಂಟ್ ಹೋಗಿದ್ದು ನೆಪ ಸಿಕ್ತು ಅಂತಾರೆ. ಮೇಲಧಿಕಾರಿ ಬಂದ ತಕ್ಷಣ ಹೇಳ್ತಾರಂತೆ. ನನ್ನದು ಗುತ್ತಿಗೆ ಕೆಲಸ. ಒಂದು ಮಾತಿಗೆ ಮನೆಗೆ ಕಳಿಸ್ತಾರೆ.” “ನಾನು ಹಾಕ್ದೆ. ಹಸಿರು ಪಟ್ಟಿ ಬಂತು. ಕಣ್ಣಾರೆ ನೋಡಿದೀನಿ.”

ಅಕ್ಕ ಹಳೆಯ ಸರ್ವರಿನಲ್ಲಿ ಹುಡುಕುತ್ತಾರೆ. ಇನ್ನೊಂದು ಬಗೆಯಲ್ಲಿ ಹುಡುಕುತ್ತಾರೆ. ಆಮೇಲೆ ಹುಡುಗಿಯ ಕಡೆ ತಿರುಗುತ್ತಾರೆ. ದನಿಯಲ್ಲಿ ಗದರಿಕೆಯಿಲ್ಲ, ಮಗಳಿಗೆ ಹೇಳುವಂತೆ ಹೇಳುತ್ತಾರೆ.

“ಹಸಿರು ಪಟ್ಟಿ ಬಂದಿದ್ರೆ ಇಲ್ಲಿ ಇರಲೇಬೇಕು ಕಣೇ. ಒಮ್ಮೆ ಉಳಿಸ್ದೆ ಅಂದ್ಮೇಲೆ ಕರೆಂಟ್ ಹೋಗಲಿ, ಕಟ್ಟಡವೇ ಅಲ್ಲಾಡ್ಲಿ, ಇದು ಬಿಟ್ಟುಕೊಡಲ್ಲ. ಇದು ಇರೋದೇ ಅದಕ್ಕೆ. ನೀನು ಒತ್ತೋಕೂ ಕರೆಂಟ್ ಹೋಗೋಕೂ ಒಂದೇ ಆಗಿರುತ್ತೆ. ದಣಿದಿದ್ದೆ, ಬಂದ ಹಾಗೆ ಅನ್ನಿಸಿರುತ್ತೆ.”

“ನೀವೂ ಹಾಗೇ ಅಂತೀರಾ?”

“ನಿನ್ನ ಮೇಲೆ ಹೇಳ್ತಿಲ್ಲ. ಯಂತ್ರ ಸುಳ್ಳು ಹೇಳಲ್ಲ ಅಂತ ಅಷ್ಟೇ.”

ಹುಡುಗಿ ಚೀಲವನ್ನು ಎದೆಗವಚಿಕೊಂಡು ಒಂದು ಗಳಿಗೆ ನಿಲ್ಲುತ್ತಾಳೆ. ಹೊರಗೆ ಹೋಗುತ್ತಾಳೆ. ನಿನ್ನೆಯ ರಕ್ತದ ನಳಿಕೆ ಫ್ರಿಜ್ಜಿನಲ್ಲಿದೆ, ಇನ್ನೊಮ್ಮೆ ಪರೀಕ್ಷೆ ಮಾಡಬೇಕು.

ಅಕ್ಕ ಕೆಲಸ ಮುಂದುವರಿಸುತ್ತಾರೆ. ಹೊಸ ಸರ್ವರಿಗೆ ಅದರ ನಡೆನುಡಿ ಕಲಿಸುವ ಹಂತ ಇದು. ಎಷ್ಟು ಜನ ಒಮ್ಮೆಗೆ ಬರಬಹುದು, ಎಷ್ಟು ನೆನಪು ಬಳಸಬಹುದು, ಯಾರನ್ನು ಒಳಗೆ ಬಿಡಬೇಕು, ಇವೆಲ್ಲ ಒಂದು ಕಡತದಲ್ಲಿ ಸಾಲುಸಾಲಾಗಿ ಇರುತ್ತವೆ. ಹಳೆಯ ಕಡತವನ್ನು ಹಾಗೆಯೇ ಎತ್ತಿ ಹೊಸದಕ್ಕೆ ಅಂಟಿಸಿದರೆ ಕ್ಷಣದ ಕೆಲಸ. ಅಕ್ಕ ಹಾಗೆ ಮಾಡುವುದಿಲ್ಲ. ಹಳೆಯದರ ಒಂದು ಸಾಲನ್ನು ಗಟ್ಟಿಯಾಗಿ ಓದುತ್ತಾರೆ, ಅದು ಯಾಕಿದೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ, ಆಮೇಲೆ ಹೊಸದರಲ್ಲಿ ಟೈಪ್ ಮಾಡುತ್ತಾರೆ. ಚಿಕ್ಕ ಮಕ್ಕಳು ಪಾಠ ಒಪ್ಪಿಸುವಂತೆ.

“ಒಮ್ಮೆಗೆ ನೂರು ಜನ. ಸಾಕು, ಅದಕ್ಕಿಂತ ಜಾಸ್ತಿ ಯಾರಿದಾರೆ ಇಲ್ಲಿ. ನೆನಪು, ಯಂತ್ರದ್ದರಲ್ಲಿ ಕಾಲು ಭಾಗ. ಸರಿ. ಹೊರಗಿನವರಿಗೆ ಪ್ರವೇಶ ಇಲ್ಲ. ಸರಿ. ಡಿಸ್ಕಿಗೆ ಬರೆದಾಯ್ತಾ ಅಂತ ಕಾಯೋದು…”

ದನಿ ನಿಲ್ಲುತ್ತದೆ.

ಫ್ಯಾನಿನ ಸದ್ದು ಮಾತ್ರ ಇದೆ. ಅಕ್ಕನ ಬೆರಳು ಪರದೆಯ ಒಂದು ಸಾಲಿನ ಮೇಲಿದೆ. ಏನಾಯಿತು ಎಂದು ಕೇಳುತ್ತೇನೆ. ಎರಡನೆಯ ಸಲ ಕೇಳುತ್ತೇನೆ.

“ಆಫ್ ಅಂತಿದೆ.”

ಅರ್ಥವಾಗಲು ನನಗೆ ಹೊತ್ತು ಹಿಡಿಯುತ್ತದೆ. ಅವರೇ ಬಿಡಿಬಿಡಿಯಾಗಿ ಹೇಳುತ್ತಾರೆ. ಉಳಿಸು ಎಂದು ನಾವು ಒತ್ತಿದ್ದು ತಕ್ಷಣ ಡಿಸ್ಕಿಗೆ ಇಳಿಯುವುದಿಲ್ಲ. ಮೊದಲು ಯಂತ್ರದ ನೆನಪಿನಲ್ಲಿ ಕೂರುತ್ತದೆ. ವಿದ್ಯುತ್ ಹೋದರೆ ನೆನಪು ಹೋಗುತ್ತದೆ, ಡಿಸ್ಕಿನಲ್ಲಿದ್ದದ್ದು ಮಾತ್ರ ಉಳಿಯುತ್ತದೆ. ಅದಕ್ಕಾಗಿ ಸರ್ವರ್ ಡಿಸ್ಕನ್ನು ಬರೆದಾಯಿತಾ ಎಂದು ಕೇಳಿ, ಆಯಿತು ಎಂಬ ಉತ್ತರ ಬರುವ ತನಕ ಕಾದು, ಆಮೇಲೆ ನಮಗೆ ‘ಉಳಿಸಲಾಗಿದೆ’ ಎನ್ನಬೇಕು. ಆ ಕಾಯುವಿಕೆಯನ್ನು ನಿಲ್ಲಿಸಿಬಿಡಲು ಒಂದು ಸಾಲಿದೆ. ನಿಲ್ಲಿಸಿದರೆ ಸರ್ವರ್ ಕೇಳುವುದಿಲ್ಲ, ಕಾಯುವುದಿಲ್ಲ. ನೆನಪಿಗೆ ಹಾಕಿಕೊಂಡ ಕ್ಷಣವೇ ಹಸಿರು ಪಟ್ಟಿ ತೋರಿಸುತ್ತದೆ.

“ಹಳೇ ಕಂಪನಿಯ ದಾಖಲೆಗಳನ್ನ ಇದಕ್ಕೆ ಸುರಿಯುವಾಗ ಆಫ್ ಮಾಡಿದ್ದೆ. ಇಲ್ಲದಿದ್ರೆ ವಾರಗಟ್ಟಲೆ ಆಗ್ತಿತ್ತು. ಸುರಿಯೋವಾಗ ಹಾಗೆ ಮಾಡ್ಬಹುದು. ಕರೆಂಟ್ ಹೋದ್ರೆ ಮತ್ತೆ ಸುರಿದ್ರಾಯ್ತು. ಮುಗಿದ್ಮೇಲೆ ಮತ್ತೆ ಆನ್ ಮಾಡ್ಬೇಕು.” ಅವರು ಪರದೆಯನ್ನೇ ನೋಡುತ್ತಿದ್ದಾರೆ. “ಮುಗಿದ ದಿನ ಎಲ್ಲರೂ ಇಲ್ಲಿಗೇ ಬಂದ್ರು. ಎಷ್ಟು ಚುರುಕು, ಎಷ್ಟು ಚುರುಕು ಅಂತ ಬೆನ್ನು ತಟ್ಟಿದ್ರು. ನಾನೂ ಹಿಗ್ಗಿಬಿಟ್ಟೆ. ಯಾಕೆ ಇಷ್ಟು ಚುರುಕು ಅಂತ ನನಗೂ ಅನ್ನಿಸ್ಲಿಲ್ಲ ನೋಡಿ.”

ಎರಡು ವರ್ಷ ಬ್ಯಾಟರಿ ಆ ಸುಳ್ಳನ್ನು ಕಾಪಾಡಿತು. ನಿನ್ನೆ ಸಂಜೆ ಕಾಪಾಡಲಿಲ್ಲ.

ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡದ್ದು ‘ಕಣ್ಣು ಮಿಟುಕಿಸುವುದರೊಳಗೆ’ ಎಂಬ ವೈದ್ಯರ ಮಾತು. ಅದನ್ನು ನೋಡುತ್ತಾ ಕೂರುತ್ತೇನೆ. ಅಧಿಕಾರದ ಜಾಗದಿಂದ ಬರುವ ಒಂದು ಪದವನ್ನು ನಾವು ಎಷ್ಟು ಸಲೀಸಾಗಿ ನಂಬುತ್ತೇವೆ. ನನ್ನ ಗಂಡ ತೀರಿಕೊಂಡ ದಿನ, ಅವರ ಸ್ಥಿತಿ ‘ಸ್ಥಿರವಾಗಿದೆ’ ಎಂದು ಡಾಕ್ಟರು ಹೇಳಿದ್ದರು. ಆ ಮಾತು ನಂಬಿ ನಾನು ಕಾಫಿ ಕುಡಿಯಲು ಹೋಗಿದ್ದೆ.

“ನಾನು ಅವಳಿಗೆ ಏನಂದೆ?” ಅಕ್ಕ ಕೇಳುತ್ತಾರೆ. ನನ್ನನ್ನಲ್ಲ. “ಬಂದ ಹಾಗೆ ಅನ್ನಿಸಿರುತ್ತೆ ಅಂದೆ. ಅಲ್ವಾ? ಹಾಗಂದೆ.”

ಎದ್ದು ನಿಲ್ಲುತ್ತಾರೆ. ಮಫ್ಲರ್ ಬಿಚ್ಚಿ ಕುರ್ಚಿಗೆ ಹಾಕುತ್ತಾರೆ. ನಾನೂ ಹಿಂದೆ ನಡೆಯುತ್ತೇನೆ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತುತ್ತಾರೆ.

ರಕ್ತನಿಧಿಯ ಮುಂದಿನ ಬೆಂಚಿನಲ್ಲಿ ಟೈಲರ್ ಕೂತಿದ್ದಾರೆ. ಬಿಳಿಚಿದ ಮುಖ, ಕುತ್ತಿಗೆಗೆ ಅಳತೆಯ ಪಟ್ಟಿ. ನಮ್ಮನ್ನು ನೋಡಿ, “ಏನು ತಾಯಿ, ನನ್ನ ಚೀಲ ನಾಪತ್ತೆಯಂತೆ? ಬೇಕಾದ್ರೆ ನಾನೇ ಒಂದು ಹೊಲಿದುಕೊಡ್ಲಾ?” ಎನ್ನುತ್ತಾರೆ. ಅಕ್ಕ ನಗುವುದಿಲ್ಲ. “ಸ್ವಲ್ಪ ಕಾಯಿರಿ ಅಣ್ಣ. ಇವತ್ತು ನೀವು ಎಷ್ಟು ಕಾದ್ರೂ ಒಳ್ಳೇದೇ” ಎಂದು ಒಳಗೆ ಹೋಗುತ್ತಾರೆ.

ಮುಖ್ಯ ವೈದ್ಯರು ಮೇಜಿನ ಹಿಂದೆ. ಹುಡುಗಿ ಮೂಲೆಯಲ್ಲಿ ನಳಿಕೆಗಳ ಮುಂದೆ, ನಮ್ಮ ಕಡೆ ಬೆನ್ನು. ವೈದ್ಯರು ನನ್ನನ್ನು ನೋಡಿ ಮುಖ ಅರಳಿಸಿ, “ಬನ್ನಿ ಬನ್ನಿ, ನೋಡಿದ್ರಾ ನಮ್ಮ ಸರ್ವರ್?” ಎನ್ನುತ್ತಾರೆ.

“ಸರ್, ಅವಳು ಹಾಕಿದ್ದಳು” ಎನ್ನುತ್ತಾರೆ ಅಕ್ಕ.

“ಯಾರು? ಏನನ್ನ?”

“ಇವಳು. ಟೈಲರ್ ರಿಪೋರ್ಟು. ಹಾಕಿದ್ದಳು. ಉಳಿಸಲಾಗಿದೆ ಅಂತಾನೂ ಬಂದಿತ್ತು. ಸರ್ವರ್ ಉಳಿಸಿರ್ಲಿಲ್ಲ. ತಪ್ಪು ನನ್ನದು.” ನೆಲಮಾಳಿಗೆಯಲ್ಲಿ ನನಗೆ ಹೇಳಿದ್ದನ್ನೇ ಇನ್ನೂ ಕಡಿಮೆ ಮಾತಿನಲ್ಲಿ ಹೇಳುತ್ತಾರೆ. ನೆಪವಿಲ್ಲ, ಕಣ್ಣೀರಿಲ್ಲ.

ವೈದ್ಯರ ಮುಖ ಬದಲಾಗುತ್ತಾ ಹೋಗುತ್ತದೆ. ಎದ್ದು ಬಾಗಿಲು ಹಾಕುತ್ತಾರೆ. ದನಿ ತಗ್ಗಿಸುತ್ತಾರೆ.

“ಏನಮ್ಮಾ ಇದು? ಎರಡು ವರ್ಷ?”

“ಹೌದು ಸರ್.”

“ಪತ್ರಿಕೆಯವರ ಮುಂದೆ… ನೋಡಮ್ಮ, ನಿನ್ನೆ ಆಗಿದ್ದು ಬ್ಯಾಟರಿ ಹೋಗಿದ್ದು. ಅದು ಸತ್ಯ ತಾನೇ? ಬ್ಯಾಟರಿ ಕೆಟ್ಟಿತ್ತು ಅಂತ ಬರೆಯೋಣ. ಇವಳ ಮೇಲೂ ಏನೂ ಬರಲ್ಲ, ನಿನ್ನ ಮೇಲೂ ಬರಲ್ಲ. ಹೊಸ ಬ್ಯಾಟರಿ ಬರುತ್ತೆ.”

ಒಳ್ಳೆಯ ಮನುಷ್ಯ. ಯಾರಿಗೂ ನೋಯದ ದಾರಿ ಹುಡುಕುತ್ತಿದ್ದಾರೆ. ಅಕ್ಕ ಮೂಲೆಯಲ್ಲಿರುವ ಹುಡುಗಿಯ ಬೆನ್ನನ್ನು ನೋಡುತ್ತಾರೆ. ಒಪ್ಪಿಬಿಡುತ್ತಾರೇನೋ ಎಂದು ನನಗನ್ನಿಸುತ್ತದೆ. ಒಪ್ಪಿದ್ದರೆ ನಾನು ಏನು ಬರೆಯುತ್ತಿದ್ದೆನೋ ಗೊತ್ತಿಲ್ಲ.

“ಬ್ಯಾಟರಿ ಹೋಗಿದ್ದಕ್ಕೇ ಸರ್ ಇದು ಗೊತ್ತಾಗಿದ್ದು. ಹೊಸ ಬ್ಯಾಟರಿ ಬರ್ಲಿ. ಆದ್ರೆ ಬರೆಯೋದು ನಡೆದ ಹಾಗೇ ಬರೀರಿ. ಕರೆಂಟ್ ಹೋದ ಆ ಕ್ಷಣದಲ್ಲಿ ದಾನಿಗಳ ಕೌಂಟರಿನಲ್ಲೂ ಯಾರಾದ್ರೂ ಉಳಿಸಿರ್ತಾರೆ. ಅವರೂ ಹಸಿರು ಪಟ್ಟಿ ನೋಡಿ ಮನೆಗೆ ಹೋಗಿರ್ತಾರೆ. ಅವರಿಗೆ ಬ್ಯಾಟರಿ ಕಥೆ ಹೇಳಿದ್ರೆ, ತಮ್ಮದು ಉಳಿದಿದೆ ಅಂತಲೇ ಇರ್ತಾರೆ.”

ವೈದ್ಯರು ಕುರ್ಚಿಯಲ್ಲಿ ಕೂರುತ್ತಾರೆ. ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. “ನಿನ್ನ ಕೆಲಸ ಹೋಗಬಹುದು. ಗೊತ್ತಿದೆಯಲ್ಲ?”

“ಇವಳದ್ದು ಹೋಗೋದ್ರಲ್ಲಿತ್ತು ಸರ್.”

ಹುಡುಗಿ ಈಗ ತಿರುಗುತ್ತಾಳೆ. ಕೈಗವಸಿನ ಕೈಯಲ್ಲಿ ನಳಿಕೆಯಿದೆ. ಅವಳು ಧನ್ಯವಾದ ಹೇಳುತ್ತಾಳೆ ಎಂದು ನಾನು ಎಣಿಸಿದ್ದೆ.

“ಮತ್ತೆ ಬಂತು. ಪ್ರತಿಕಾಯ ಇದೆ” ಎನ್ನುತ್ತಾಳೆ ವೈದ್ಯರಿಗೆ. ಆಮೇಲೆ ಅಕ್ಕನಿಗೆ, “ಡಾಕ್ಟ್ರು ಅಂದಾಗ ಬೇಜಾರಾಗ್ಲಿಲ್ಲ ಅಕ್ಕ. ಅವರಿಗೆ ಗೊತ್ತಿಲ್ಲ ಅಂದ್ಕೊಂಡೆ. ನೀವು ಅಂದಾಗ ನನಗೇ ಅನುಮಾನ ಬಂತು. ನನ್ನ ಕಣ್ಣಿನ ಮೇಲೆ. ಇನ್ನು ಮೇಲೆ ಬರೋ ಒಂದೊಂದು ಹಸಿರು ಪಟ್ಟಿನೂ ನಾನು ಹೇಗೆ ನಂಬಲಿ?”

“ಕೆಳಗೆ ಬಾ. ಕೆಲಸ ಮುಗಿಸಿ ಬಾ” ಎಂದಷ್ಟೇ ಹೇಳಿ ಅಕ್ಕ ಹೊರಡುತ್ತಾರೆ.

ಬೆಳಗು ಪೂರ್ತಿ ಹೀಗೆ ಹೋಗುತ್ತದೆ. ಕಿಟಕಿಯಲ್ಲಿ ಕಂಪ್ಯೂಟರಿನ ಒಪ್ಪಿಗೆಯನ್ನು ನಿಲ್ಲಿಸಿ ಪ್ರತಿ ಚೀಲವನ್ನೂ ರೋಗಿಯ ರಕ್ತದ ಜೊತೆ ಕೈಯಲ್ಲೇ ಹೊಂದಿಸಿ ನೋಡುತ್ತಾರೆ. ಸರದಿಯಲ್ಲಿ ನಿಂತವರು ಸರ್ವರ್ ಇಲ್ಲವಂತೆ ಎಂದು ಬೈಯುತ್ತಾರೆ. ದಾನಿಗಳ ಕೌಂಟರಿನಲ್ಲಿ ಒಬ್ಬ ದಾನಿಯ ದಾಖಲೆ ಕಾಣೆಯಾಗಿರುವುದು ಸಿಗುತ್ತದೆ. ಆತನ ಚೀಲವನ್ನು ಎತ್ತಿಟ್ಟು ಮತ್ತೆ ಪರೀಕ್ಷೆಗೆ ಕಳಿಸುತ್ತಾರೆ. ಮೇಲಧಿಕಾರಿ ಬರುತ್ತಾರೆ, ವೈದ್ಯರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ, ಹೋಗುತ್ತಾರೆ. ಹುಡುಗಿಯ ಮೇಲೆ ಏನೂ ಇಲ್ಲ ಎಂದು ತಿಳಿಯುತ್ತದೆ. ಅಕ್ಕನ ವಿಷಯ ವಿಚಾರಣೆಯಾಗುತ್ತದೆ. ಏನಾಗುತ್ತದೆಂದು ಈ ಬರಹ ಅಚ್ಚಿಗೆ ಹೋಗುವವರೆಗೂ ಯಾರಿಗೂ ಗೊತ್ತಿಲ್ಲ.

ಟೈಲರ್‌ಗೆ ಹೊಂದುವ ಚೀಲ ಮಧ್ಯಾಹ್ನದ ಹೊತ್ತಿಗೆ ಸಿಗುತ್ತದೆ. ನಡೆದದ್ದನ್ನು ವೈದ್ಯರು ಅವರಿಗೆ ಮುಚ್ಚಿಡದೆ ಹೇಳಿದ್ದಾರೆ. ಅವರು ಹಾಸಿಗೆಯ ಮೇಲೆ ತೋಳು ಚಾಚಿ ಮಲಗಿ, ಹನಿಯುವ ಚೀಲವನ್ನೇ ನೋಡುತ್ತಿದ್ದಾರೆ. ಹೊಲಿಯಲು ಯಾರೋ ತಂದಿಟ್ಟ ಕೋಟು ಕಾಲ ಬಳಿ ಹಾಗೆಯೇ ಬಿದ್ದಿದೆ. ಕೊನೆಗೆ, “ಬೆಳಿಗ್ಗೆ ತಮಾಷೆ ಮಾಡ್ತಾ ಕೂತಿದ್ನಲ್ಲ ನಾನು” ಎನ್ನುತ್ತಾರೆ.

ನೆಲಮಾಳಿಗೆಯಲ್ಲಿ ಹೊಸ ಸರ್ವರ್ ಸಿದ್ಧವಾಗಿದೆ. ಆ ಒಂದು ಸಾಲು ಈಗ ಆನ್ ಆಗಿದೆ. ದಾಖಲೆಗಳ ಪ್ರತಿ ಪುಟಕ್ಕೂ ಒಂದು ಗುರುತಿನ ಮೊತ್ತ ಇಟ್ಟು, ಏನಾದರೂ ಕೆಟ್ಟಿದ್ದರೆ ಗೊತ್ತಾಗುವಂತೆ ಓದುವಾಗಲೆಲ್ಲ ಅದನ್ನು ತಾಳೆ ನೋಡುವ ಕಾವಲನ್ನೂ ಈ ಸಲ ಹಾಕಿದ್ದಾರೆ. ಹಳೆಯ ದಾಖಲೆಗಳು ಪರೀಕ್ಷೆ ದಾಟಿ ಇದಕ್ಕೆ ಬಂದಿವೆ. ಬೆಳಿಗ್ಗೆಯಿಂದ ಅಕ್ಕ ಏನೂ ತಿಂದಿಲ್ಲ.

ಇನ್ನು ಏನು ಬರೆಯಲಿ ಎಂದು ಕೇಳುತ್ತೇನೆ. ಕೇಳಬಾರದಿತ್ತೇನೋ.

“ಬರೆಯೋಕೆ ತಾನೇ ಬಂದಿರೋದು? ಎಲ್ಲಾ ಬರೀರಿ. ಎಲ್ಲೋ ಇನ್ನೊಂದು ನೆಲಮಾಳಿಗೇಲಿ ನನ್ನಂಥವಳೊಬ್ಬಳು ಕೂತಿರ್ತಾಳೆ. ಓದಿ, ಎದ್ದು ಹೋಗಿ ಆ ಸಾಲು ನೋಡ್ಲಿ.”

ಹುಡುಗಿ ಬರುತ್ತಾಳೆ. ಬಾಗಿಲಲ್ಲೇ ನಿಲ್ಲುತ್ತಾಳೆ. ಅಕ್ಕ ತಮ್ಮ ಕುರ್ಚಿಯನ್ನು ಅವಳ ಕಡೆ ಸರಿಸುತ್ತಾರೆ.

“ಕೂತ್ಕೋ. ಟೈಲರ್ ರಿಪೋರ್ಟ್ ಹಾಕು.”

ಹುಡುಗಿ ಟೈಪ್ ಮಾಡುತ್ತಾಳೆ. ಉಳಿಸು ಎಂದು ಒತ್ತುತ್ತಾಳೆ. ಸ್ವಲ್ಪ ತಡೆದು ಹಸಿರು ಪಟ್ಟಿ ಬರುತ್ತದೆ. ಆ ಸ್ವಲ್ಪ ತಡೆಯುವುದು ನನಗೂ ಗೊತ್ತಾಗುತ್ತದೆ.

“ಈಗ ಆ ವೈರ್ ಕೀಳು” ಎನ್ನುತ್ತಾರೆ ಅಕ್ಕ, ಸರ್ವರಿನ ಬೆನ್ನಿನಿಂದ ಗೋಡೆಗೆ ಹೋಗುವ ದಪ್ಪ ಕರಿ ತಂತಿ ತೋರಿಸಿ.

“ಅಕ್ಕ, ಹಾಳಾಗುತ್ತೆ.”

“ಹಾಳಾದ್ರೆ ಈಗಲೇ ಹಾಳಾಗ್ಲಿ. ಕೀಳು ಅಂದ್ನಲ್ಲ.”

ಹುಡುಗಿ ತಂತಿ ಹಿಡಿಯುತ್ತಾಳೆ, ನಮ್ಮಿಬ್ಬರನ್ನೂ ನೋಡುತ್ತಾಳೆ, ಕಣ್ಣು ಮುಚ್ಚಿ ಎಳೆದುಬಿಡುತ್ತಾಳೆ. ಫ್ಯಾನು ನರಳಿ ನಿಲ್ಲುತ್ತದೆ. ದೀಪಗಳು ಆರುತ್ತವೆ. ಇಡೀ ಬೆಳಗ್ಗೆ ಕಟ್ಟಿದ್ದು ನಮ್ಮೆದುರು ಕರ್ರಗೆ ಸತ್ತು ನಿಂತಿದೆ.

ಮತ್ತೆ ಸಿಕ್ಕಿಸುತ್ತಾರೆ. ಯಂತ್ರ ನಿಧಾನವಾಗಿ ಕಣ್ಣು ಬಿಡುತ್ತದೆ. ತಾನು ಅರ್ಧಕ್ಕೇ ಆರಿಹೋಗಿದ್ದೆ, ಸರಿಪಡಿಸಿಕೊಳ್ಳುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತದೆ. ಏಳುತ್ತದೆ. ಹುಡುಗಿ ಟೈಲರ್‌ನ ದಾಖಲೆ ತೆರೆಯುತ್ತಾಳೆ.

‘ಪ್ರತಿಕಾಯ ಇದೆ.’

ಅವಳು ಆ ಸಾಲನ್ನು ಓದುತ್ತಾಳೆ. ಮುಚ್ಚಿ ತೆರೆದು ಮತ್ತೆ ಓದುತ್ತಾಳೆ. ನಗುವುದಿಲ್ಲ. ದೋಷ ಹುಡುಕುವವಳಂತೆ ಕತ್ತು ಓರೆ ಮಾಡಿ ಕೂತಿದ್ದಾಳೆ.

“ಇನ್ನೊಂದ್ಸಲ ಕೀಳ್ಲಾ?”

ಅಕ್ಕ ಗೋಡೆಗೆ ಒರಗಿ ನಿಂತಿದ್ದಾರೆ. ಬೆಳಗಿನ ನಂತರ ಮೊದಲ ಸಲ ಅವರ ದನಿ ಅವರದೇ ಆಗಿದೆ.

“ಕೀಳು. ನಿನಗೆ ನಂಬಿಕೆ ಬರೋ ತನಕ ಕೀಳು. ನಾನು ಇಲ್ಲೇ ಇರ್ತೀನಿ.”